ಕಣ್ಣು ಮರಗಟ್ಟಿಸೋ ಆ ಡ್ರಾಪ್ಸನ್ನ ಡಾಕ್ಟ್ರು ಮನೆಗ್ಯಾಕೆ ಕೊಡಲ್ಲ?

ಕಣ್ಣಿಗೆ ಕಸ ಬಿದ್ದು ಡಾಕ್ಟ್ರ ಹತ್ರ ಓಡಿದವರಿಗೆ ಇದು ಗೊತ್ತಿರತ್ತೆ. ಕಣ್ಣು ಬಿಡೋಕಾಗ್ತಿರಲ್ಲ, ನೀರು ಸುರೀತಾನೇ ಇರತ್ತೆ, ಬೆಳಕು ಕಂಡ್ರೆ ಸೂಜಿ ಚುಚ್ಚಿದ ಹಾಗಾಗತ್ತೆ, ಪಕ್ಕದಲ್ಲಿ ಯಾರು ಏನು ಮಾತಾಡಿದ್ರೂ ಸಿಟ್ಟು ಬರತ್ತೆ. ಡಾಕ್ಟ್ರು ಕೆಳರೆಪ್ಪೆ ಎಳೆದು ಒಂದು ಹನಿ ಬಿಡ್ತಾರೆ. ಒಂದು ಕ್ಷಣ ಚುರ್ ಅನ್ನತ್ತೆ, ಅಷ್ಟೇ. ಅರ್ಧ ನಿಮಿಷದೊಳಗೆ ನೋವು ಎಲ್ಲಿತ್ತು ಅಂತ ಹುಡುಕ್ಬೇಕು, ಕಣ್ಣು ತಾನಾಗೇ ತೆರ್ಕೊಂಡಿರತ್ತೆ. ಆಗ ಬಾಯಿಗೆ ಬರೋ ಮೊದಲ ಮಾತು ಒಂದೇ: "ಡಾಕ್ಟ್ರೇ, ಇದನ್ನೇ ಬರ್ಕೊಡಿ, ಮನೇಲಿ ಹಾಕ್ಕೋತೀನಿ."

ನಾನೂ ಕೇಳಿದ್ದೆ. "ಅದು ಕೊಡೋ ಹಾಗಿಲ್ಲ" ಅಂತ ಹೇಳಿ ಇನ್ಯಾವುದೋ ಆಂಟಿಬಯಾಟಿಕ್ ಡ್ರಾಪ್ಸು, ನೋವಿನ ಮಾತ್ರೆ ಬರೆದು ಕಳಿಸಿದ್ರು. ಯಾಕೆ ಅಂತ ಹೇಳ್ಲಿಲ್ಲ, ಹಿಂದೆ ಕ್ಯೂ ಉದ್ದ ಇತ್ತು. ಇಪ್ಪತ್ತು ನಿಮಿಷಕ್ಕೆ ನೋವು ವಾಪಸ್ ಬಂದಾಗ ಅವರನ್ನ ಮನಸ್ಸಲ್ಲೇ ಬೈಕೊಂಡಿದ್ದೂ ನಿಜ. ಆಮೇಲೆ ಇದರ ಬಗ್ಗೆ ಓದ್ತಾ ಹೋದಾಗ ಗೊತ್ತಾಯ್ತು, ಅವತ್ತು ಅವರು ಮಾಡಿದ ಅತಿ ದೊಡ್ಡ ಉಪಕಾರ ಅದೇ ಅಂತ.

ಮೊದಲು ನೋವು ಎಲ್ಲಿಂದ ಬರತ್ತೆ ನೋಡೋಣ. ಕಣ್ಣಿನ ಮುಂಭಾಗದಲ್ಲಿ, ಕಪ್ಪುಗುಡ್ಡೆ ಮೇಲೆ ವಾಚಿನ ಗಾಜಿನ ಥರ ಕೂತಿರೋ ಪಾರದರ್ಶಕ ಪದರಾನೇ ಕಾರ್ನಿಯಾ. ದಪ್ಪ ಸುಮಾರು ಅರ್ಧ ಮಿಲಿಮೀಟರ್. ಅದರ ಮೇಲ್ಗಡೆ ಎಪಿಥೀಲಿಯಂ ಅನ್ನೋ ಚರ್ಮದಂಥ ಹೊದಿಕೆ, ಅದು ಇನ್ನೂ ತೆಳು, 50 ಮೈಕ್ರಾನ್ ಅಷ್ಟೇ, ಅಂದ್ರೆ ಒಂದು ಮಿಲಿಮೀಟರಿನ ಇಪ್ಪತ್ತರಲ್ಲಿ ಒಂದು ಭಾಗ. ಕಾರ್ನಿಯಾದಲ್ಲಿ ರಕ್ತನಾಳ ಇರಲ್ಲ, ಇದ್ದಿದ್ರೆ ಬೆಳಕು ಹಾಯ್ತಿರಲಿಲ್ಲ. ಆದ್ರೆ ನರಗಳು ಮಾತ್ರ ಕಿಕ್ಕಿರಿದು ತುಂಬಿವೆ. ನೋವು ಗುರುತಿಸೋ ನರದ ತುದಿಗಳ ಸಾಂದ್ರತೆ ನಮ್ಮ ಚರ್ಮಕ್ಕಿಂತ 300ರಿಂದ 600 ಪಟ್ಟು ಜಾಸ್ತಿ ಅಂತ ಲೆಕ್ಕ. ಬೆರಳಿಗೆ ಬಿದ್ದಿದ್ರೆ ಗೊತ್ತೂ ಆಗದಷ್ಟು ಸಣ್ಣ ಧೂಳಿನ ಕಣ ಕಣ್ಣಲ್ಲಿ ಬಂಡೆಗಲ್ಲಿನ ಥರ ಅನ್ಸೋದು ಇದಕ್ಕೇ.

ಇಷ್ಟೊಂದು ನರ ಯಾಕೆ ಬೇಕಿತ್ತು? ಕಾವಲಿಗೆ. ಏನಾದ್ರೂ ತಾಕಿದ ತಕ್ಷಣ ರೆಪ್ಪೆ ಮುಚ್ಚಿಸೋದು, ನೀರು ತರಿಸಿ ತೊಳೆಯೋದು, ಕೈ ಹತ್ರ ಬಂದ್ರೆ ತಲೆ ಹಿಂದಕ್ಕೆ ಎಳೆಸೋದು ಎಲ್ಲಾ ಇವುಗಳದ್ದೇ ಕೆಲಸ. ಇನ್ನೊಂದು ಕೆಲಸ ಇದೆ, ಅದು ಬಹಳ ಜನಕ್ಕೆ ಗೊತ್ತಿಲ್ಲ: ಈ ನರದ ತುದಿಗಳು ಕೆಲವು ರಾಸಾಯನಿಕಗಳನ್ನ ಜಿನುಗಿಸ್ತಾ ಎಪಿಥೀಲಿಯಂನ ಜೀವಕೋಶಗಳನ್ನ ಪೋಷಿಸ್ತವೆ. ಅಂದ್ರೆ ಕಾವಲುಗಾರನೇ ಅಡುಗೆಯವನೂ ಹೌದು. ಈ ಮಾತು ನೆನಪಿಟ್ಕೊಳ್ಳಿ, ಮುಂದೆ ಬೇಕಾಗತ್ತೆ.

ಮರಗಟ್ಟಿಸೋ ಹನಿ ಮಾಡೋದಿಷ್ಟೇ. ನರದಲ್ಲಿ ಸುದ್ದಿ ಹೋಗ್ಬೇಕು ಅಂದ್ರೆ ಸೋಡಿಯಂ ಅಯಾನುಗಳು ಸಣ್ಣ ಸಣ್ಣ ಬಾಗಿಲುಗಳ ಮೂಲಕ ನರದೊಳಗೆ ನುಗ್ಬೇಕು, ಒಂದು ಬಾಗಿಲು ತೆರೆದ್ರೆ ಪಕ್ಕದ್ದೂ ತೆರೀತಾ ಹೋಗಿ ಸುದ್ದಿ ಮೆದುಳಿಗೆ ಮುಟ್ಟತ್ತೆ. ಈ ಔಷಧಿ ನರದೊಳಗೆ ತೂರಿ, ಒಳಗಡೆಯಿಂದ ಆ ಬಾಗಿಲಿಗೆ ಅಗುಳಿ ಹಾಕತ್ತೆ. ಗಾಯ ಹಾಗೇ ಇದೆ, ಕಸ ಅಲ್ಲೇ ಕೂತಿದೆ, ಮೆದುಳಿಗೆ ಮಾತ್ರ ಸುದ್ದಿ ಹೋಗ್ತಿಲ್ಲ. ಸ್ವಲ್ಪ ಹೊತ್ತಿಗೆ ಔಷಧಿ ಕಣ್ಣೀರಲ್ಲಿ, ರಕ್ತದಲ್ಲಿ ಕೊಚ್ಚಿಹೋಗಿ ಅಗುಳಿ ಕಳಚ್ಕೊಳತ್ತೆ. ಡಾಕ್ಟ್ರ ಟೇಬಲ್ ಮೇಲೆ ಸಾಮಾನ್ಯವಾಗಿ ಇರೋದು ಪ್ರೊಪಾರಕೇನ್ 0.5%, ಇಲ್ಲಾಂದ್ರೆ ಟೆಟ್ರಾಕೇನ್ 0.5%, ಕೆಲವು ಕಡೆ ಆಕ್ಸಿಬ್ಯೂಪ್ರೊಕೇನ್ 0.4%. ಮೂರೂ ಅರ್ಧ ನಿಮಿಷದ ಆಸುಪಾಸಲ್ಲಿ ಕೆಲಸ ಶುರು ಮಾಡಿ ಹತ್ತಿಪ್ಪತ್ತು ನಿಮಿಷ ಇರ್ತವೆ. ಟೆಟ್ರಾಕೇನ್ ಹಾಕಿದಾಗ ಸ್ವಲ್ಪ ಜಾಸ್ತಿ ಉರಿಯತ್ತೆ, ಪ್ರೊಪಾರಕೇನ್ ಸೌಮ್ಯ, ಮಕ್ಕಳಿಗೆ ಅದೇ ವಾಸಿ. ಜೆಲ್ ರೂಪದ ಲಿಡೊಕೇನ್ ಇನ್ನೂ ಸ್ವಲ್ಪ ಹೊತ್ತು ಅಂಟ್ಕೊಂಡಿರತ್ತೆ.

ಇದರ ಇತಿಹಾಸ ಒಂದ್ಸಲ ಹೇಳ್ಲೇಬೇಕು, ಯಾಕಂದ್ರೆ ಇಡೀ ದೇಹದ ಲೋಕಲ್ ಅನಸ್ತೇಶಿಯಾ ಶುರುವಾಗಿದ್ದೇ ಕಣ್ಣಿಂದ. 1846ರಲ್ಲೇ ಈಥರ್ ಕೊಟ್ಟು ಪ್ರಜ್ಞೆ ತಪ್ಪಿಸಿ ಆಪರೇಶನ್ ಮಾಡೋದು ಬಂದಿತ್ತು, ಆದ್ರೆ ಕಣ್ಣಿನ ಡಾಕ್ಟ್ರುಗಳಿಗೆ ಅದು ಅಷ್ಟು ಒಗ್ಗಿರಲಿಲ್ಲ. ಈಥರ್‌ನಿಂದ ಎದ್ದ ಮೇಲೆ ರೋಗಿ ವಾಂತಿ ಮಾಡ್ಕೋತಿದ್ದ, ಕುಯ್ದ ಕಣ್ಣಿಗೆ ಆ ಒತ್ತಡ ಬಿದ್ರೆ ಒಳಗಿರೋದೆಲ್ಲ ಹೊರಗೆ ಬರೋ ಭಯ. ಹಾಗಾಗಿ ಪೊರೆ ಆಪರೇಶನ್ನು ಪೂರ್ತಿ ಎಚ್ಚರದಲ್ಲೇ, ಅಲ್ಲಾಡದ ಹಾಗೆ ಹಿಡ್ಕೊಂಡು ಮಾಡ್ತಿದ್ರು. ಊಹಿಸಿಕೊಂಡ್ರೇ ಮೈ ಜುಮ್ ಅನ್ನತ್ತೆ. 1884ರಲ್ಲಿ ವಿಯೆನ್ನಾದ ಕಾರ್ಲ್ ಕೊಲ್ಲರ್ ಅನ್ನೋ ಯುವ ಡಾಕ್ಟ್ರು, ಸಿಗ್ಮಂಡ್ ಫ್ರಾಯ್ಡ್‌ನ ಸಹೋದ್ಯೋಗಿ, ಕೊಕೇನ್ ನಾಲಿಗೆಗೆ ತಾಕಿದ್ರೆ ಜೋಮು ಹಿಡಿಯೋದನ್ನ ಗಮನಿಸಿ, ಇದನ್ನೇ ಕಣ್ಣಿಗೆ ಹಾಕಿದ್ರೆ ಹೇಗೆ ಅಂತ ಯೋಚಿಸಿದ್ರು. ಮೊದಲು ಕಪ್ಪೆ ಕಣ್ಣಿಗೆ, ಆಮೇಲೆ ಬೇರೆ ಪ್ರಾಣಿಗಳಿಗೆ, ಕೊನೆಗೆ ತಮ್ಮ ಕಣ್ಣಿಗೇ ಹನಿ ಬಿಟ್ಕೊಂಡು ಗುಂಡುಸೂಜಿಯ ತಲೆಯಿಂದ ಮುಟ್ಟಿ ನೋಡ್ಕೊಂಡ್ರು. ಏನೂ ಗೊತ್ತಾಗ್ಲಿಲ್ಲ! ಆ ಸೆಪ್ಟೆಂಬರ್ 15ಕ್ಕೆ ಹೈಡೆಲ್‌ಬರ್ಗ್‌ನಲ್ಲಿ ಕಣ್ಣಿನ ವೈದ್ಯರ ಸಮ್ಮೇಳನ ಇತ್ತು, ಹೋಗೋಕೆ ಕೊಲ್ಲರ್ ಹತ್ರ ದುಡ್ಡಿರಲಿಲ್ಲ, ಅವರ ಪ್ರಬಂಧವನ್ನ ಯೋಸೆಫ್ ಬ್ರೆಟ್ಟಾವರ್ ಅನ್ನೋ ಇನ್ನೊಬ್ಬ ಡಾಕ್ಟ್ರು ಓದಿ ಪ್ರಯೋಗ ಮಾಡಿ ತೋರಿಸಿದ್ರು. ಸುದ್ದಿ ಪ್ರಪಂಚ ಪೂರ್ತಿ ಹಬ್ಬಿತು.

ಅದರ ಬೆನ್ನಲ್ಲೇ ಅಪಾಯಗಳೂ ಕಾಣಿಸ್ಕೊಂಡ್ವು ನೋಡಿ. ಕೊಕೇನ್ ಹಾಕಿದ ಕಾರ್ನಿಯಾ ಮಸುಕಾಗ್ತಿತ್ತು, ಎಪಿಥೀಲಿಯಂ ಸುಲಿದು ಬರ್ತಿತ್ತು, ಪಾಪೆ ಅಗಲ ಆಗ್ತಿತ್ತು, ಚಟದ ವಿಷಯ ಬೇರೆ. ಅದಕ್ಕೇ ಬದಲಿ ಹುಡುಕ್ತಾ ಹೋಗಿ ಈಗಿನ ಔಷಧಿಗಳು ಬಂದ್ವು. ಚಟ ಹಿಡಿಸೋ ಗುಣ ಹೋಯ್ತು, ಪಾಪೆ ಸಮಸ್ಯೆ ಹೋಯ್ತು. ಎಪಿಥೀಲಿಯಂಗೆ ಹಾನಿ ಮಾಡೋ ಗುಣ ಮಾತ್ರ ಕಮ್ಮಿ ಆಯ್ತೇ ಹೊರತು ಪೂರ್ತಿ ಹೋಗ್ಲಿಲ್ಲ.

ಈಗ ಉಪಯೋಗದ ಕಡೆ ಬರೋಣ, ಯಾಕಂದ್ರೆ ಈ ಹನಿ ಇಲ್ಲದೆ ಕಣ್ಣಿನ ಆಸ್ಪತ್ರೆ ಒಂದು ದಿನಾನೂ ನಡೆಯಲ್ಲ. ಗ್ಲಾಕೋಮಾ ಇದೆಯಾ ಅಂತ ಕಣ್ಣಿನ ಒತ್ತಡ ಅಳೀತಾರಲ್ಲ, ಗಾಳಿ ಊದಿ ಅಳೆಯೋದಕ್ಕೆ ಹನಿ ಬೇಡ, ಆದ್ರೆ ನಿಖರವಾಗಿ ಬೇಕು ಅಂದ್ರೆ ಗೋಲ್ಡ್‌ಮನ್ ಟೋನೋಮೀಟರ್ ಅನ್ನೋ ಉಪಕರಣದ ತುದಿಯನ್ನ ನೇರ ಕಾರ್ನಿಯಾಕ್ಕೇ ತಾಕಿಸ್ಬೇಕು. 3.06 ಮಿಲಿಮೀಟರ್ ಅಗಲದ ಒಂದು ವೃತ್ತ ಚಪ್ಪಟೆ ಆಗೋಕೆ ಎಷ್ಟು ಬಲ ಬೇಕು ಅಂತ ಅದು ನೋಡತ್ತೆ. ಮರಗಟ್ಟಿಸದೆ ಇದನ್ನ ಮಾಡೋಕೆ ಹೋದ್ರೆ ರೋಗಿ ಕುರ್ಚಿ ಬಿಟ್ಟು ಎದ್ದು ಓಡ್ತಾನೆ. ಕಾರ್ನಿಯಾಕ್ಕೆ ಚುಚ್ಚಿಕೊಂಡ ಕಬ್ಬಿಣದ ಚೂರು ತೆಗೆಯೋಕೆ, ಹೊಲಿಗೆ ಬಿಚ್ಚೋಕೆ, ಕನ್ನಡಕ ಬಿಡಿಸೋ ಲೇಸಿಕ್ ಅನ್ನೋ ಲೇಸರ್ ಆಪರೇಶನ್ ಮಾಡೋಕೆ, ರೆಟಿನಾ ತೊಂದರೆಗೆ ಕಣ್ಣೊಳಗೆ ಇಂಜೆಕ್ಷನ್ ಕೊಡೋಕೆ, ದಿನ ತುಂಬದೆ ಹುಟ್ಟಿದ ಮಗುವಿನ ರೆಟಿನಾ ಪರೀಕ್ಷೆಗೆ ಎಲ್ಲಾದಕ್ಕೂ ಇದು ಬೇಕು. ಕಣ್ಣಿಗೆ ಆಸಿಡ್, ಸುಣ್ಣ ಥರದ್ದು ಬಿದ್ದು ಬಂದವರಿಗೂ ಹಾಕ್ತಾರೆ, ಇಲ್ಲಾಂದ್ರೆ ಅವರು ಕಣ್ಣು ಬಿಟ್ಟು ತೊಳೆಸ್ಕೊಳೋದೇ ಇಲ್ಲ. (ಆದ್ರೆ ಹಾಗೆ ಏನಾದ್ರೂ ಬಿದ್ರೆ ಹನಿಗೋಸ್ಕರ ಕಾಯ್ಬೇಡಿ, ಮೊದಲು ಅಲ್ಲೇ ಸಿಕ್ಕ ಶುದ್ಧ ನೀರಲ್ಲಿ ತೊಳೀತಾ ಇರಿ.)

ಪೊರೆ ಆಪರೇಶನ್ನಲ್ಲಂತೂ ಇದು ದೊಡ್ಡ ಬದಲಾವಣೆ ತಂತು. ಮುಂಚೆ ಕಣ್ಣಿನ ಹಿಂದಕ್ಕೆ ಉದ್ದ ಸೂಜಿ ಹಾಕಿ ಮರಗಟ್ಟಿಸ್ತಿದ್ರು, ಈಗಲೂ ಬೇಕಾದಾಗ ಹಾಕ್ತಾರೆ. ಅದರಲ್ಲಿ ಅಪರೂಪಕ್ಕೆ ಹಿಂದೆ ರಕ್ತಸ್ರಾವ ಆಗೋದು, ಸೂಜಿ ಕಣ್ಣುಗುಡ್ಡೆಗೇ ತಾಕೋದು ಅಂಥ ಅಪಾಯ ಇತ್ತು. ಈಗ ಸಣ್ಣ ಗಾಯದಲ್ಲೇ ಪೊರೆ ಪುಡಿ ಮಾಡಿ ತೆಗೆಯೋ ಫೇಕೋ ಪದ್ಧತಿಯಲ್ಲಿ ಬಹಳ ಸಲ ಬರೀ ಹನಿ ಇಲ್ಲಾ ಜೆಲ್ ಸಾಕು. ಆದ್ರೆ ಹನಿಯಿಂದ ನೋವು ಹೋಗತ್ತೆ, ಕಣ್ಣಿನ ಚಲನೆ ನಿಲ್ಲಲ್ಲ. ಅದಕ್ಕೇ ಆಪರೇಶನ್ ಹೊತ್ತಲ್ಲಿ "ಆ ಲೈಟನ್ನೇ ನೋಡ್ತಿರಿ, ಅಲ್ಲಾಡಬೇಡಿ" ಅಂತ ಡಾಕ್ಟ್ರು ಪದೇ ಪದೇ ಹೇಳ್ತಿರ್ತಾರೆ. ಗಾಬರಿ ಸ್ವಭಾವದವರು, ಹೇಳಿದ್ದು ಕೇಳಿಸ್ಕೊಳೋಕೆ ಆಗದವರು, ತೀರಾ ಗಟ್ಟಿಯಾದ ಪೊರೆ ಇರೋರು, ಇಂಥವರಿಗೆಲ್ಲ ಸೂಜಿನೇ ಸರಿ ಅನ್ನಿಸಬಹುದು. "ಅವರಿಗೆ ಬರೀ ಡ್ರಾಪ್ಸಲ್ಲಿ ಆಯ್ತು, ನಮಗ್ಯಾಕೆ ಇಂಜೆಕ್ಷನ್ನು" ಅಂತ ಜಗಳ ಆಡೋ ಮುಂಚೆ ಇದು ತಿಳ್ಕೊಂಡಿರೋದು ಒಳ್ಳೇದು.

ನನಗೆ ಬಹಳ ಇಷ್ಟ ಆಗಿದ್ದು ಇದರ ಇನ್ನೊಂದು ಉಪಯೋಗ. ಕಣ್ಣು ನೋವು ಅಂತ ಬಂದವರಿಗೆ ಒಂದು ಹನಿ ಹಾಕಿ ನೋಡ್ತಾರೆ. ನೋವು ಪೂರ್ತಿ ಹೋಯ್ತಾ, ಹಾಗಿದ್ರೆ ತೊಂದರೆ ಮೇಲ್ಪದರದಲ್ಲೇ ಇದೆ, ಗೀರೋ, ಕಸವೋ, ಹುಣ್ಣೋ. ಹನಿ ಹಾಕಿದ್ರೂ ನೋವು ಹಾಗೇ ಇದೆಯಾ, ಹಾಗಿದ್ರೆ ಒಳಗಡೆ ಉರಿಯೂತವೋ, ಒತ್ತಡ ಏರಿರೋದೋ, ಇಲ್ಲಾ ನರದ್ದೇ ತೊಂದರೆಯೋ ಅಂತ ಯೋಚನೆ ಆ ಕಡೆ ತಿರುಗತ್ತೆ. ಆದ್ರೆ ಒಂದು ಎಚ್ಚರ, ನೋವು ಹೋಯ್ತು ಅಂದ್ರೆ ತೊಂದರೆ ಸಣ್ಣದು ಅಂತ ಅರ್ಥ ಅಲ್ಲ, ಕಣ್ಣು ಕಳೆಯೋ ಸೋಂಕಿನ ಹುಣ್ಣಿನ ನೋವೂ ಹನಿಗೆ ಸುಮ್ಮನಾಗತ್ತೆ.

ಸರಿ, ಇಷ್ಟು ಒಳ್ಳೇದು ಅಂದ್ಮೇಲೆ ಮನೆಗೆ ಯಾಕೆ ಕೊಡಲ್ಲ?

ಕಾರ್ನಿಯಾಕ್ಕೆ ಗೀರು ಬಿದ್ರೆ ಅದು ಮಾಯೋ ರೀತಿ ಬಹಳ ಚೆಂದ. ಅಂಚಿನ ಜೀವಕೋಶಗಳು ಹೊಸದು ಹುಟ್ಟೋ ತನಕ ಕಾಯಲ್ಲ, ಕೆಲವೇ ಗಂಟೆಗಳಲ್ಲಿ ಚಪ್ಪಟೆಯಾಗಿ, ಒಂದರ ಪಕ್ಕ ಒಂದು ತೆವಳ್ಕೊಂಡು ಬಂದು ಗಾಯದ ಜಾಗ ಮುಚ್ಚೋಕೆ ಶುರು ಮಾಡ್ತವೆ. ಆಮೇಲೆ ವಿಭಜನೆ ಆಗಿ ದಪ್ಪ ಆಗ್ತವೆ. ಸಾಮಾನ್ಯ ಗೀರು ಒಂದರಿಂದ ಮೂರು ದಿನದಲ್ಲಿ ಕೂಡಿಕೊಳತ್ತೆ. ಮರಗಟ್ಟಿಸೋ ಹನಿ ಪದೇ ಪದೇ ಬಿದ್ರೆ ಈ ತೆವಳೋದೂ ನಿಲ್ಲತ್ತೆ, ವಿಭಜನೆಯೂ ನಿಧಾನ ಆಗತ್ತೆ, ಜೀವಕೋಶಗಳ ನಡುವಿನ ಬೆಸುಗೆ ಸಡಿಲ ಆಗತ್ತೆ. ಈ ಸಡಿಲ ಆಗೋ ಗುಣಾನೇ ಪರೀಕ್ಷೆ ಹೊತ್ತಲ್ಲಿ ಉಪಯೋಗಕ್ಕೂ ಬರತ್ತೆ, ಮೊದಲು ಮರಗಟ್ಟಿಸೋ ಹನಿ ಹಾಕಿದ್ರೆ ಆಮೇಲೆ ಹಾಕೋ ಪಾಪೆ ಅಗಲಿಸೋ ಹನಿ ಚೆನ್ನಾಗಿ ಒಳಗಿಳಿಯತ್ತೆ. ಒಂದ್ಸಲ ಸಡಿಲ ಆದ್ರೆ ಉಪಕಾರ, ನಲವತ್ತು ಸಲ ಸಡಿಲ ಆದ್ರೆ ಗೋಡೆಯೇ ಉದುರತ್ತೆ.

ಇದರ ಮೇಲೆ ಕಾವಲು ಹೋಗಿರತ್ತೆ. ಕಣ್ಣು ಮಿಟುಕಿಸೋದು ಕಮ್ಮಿ, ನೀರು ಬರೋದು ಕಮ್ಮಿ, ಮೇಲ್ಮೈ ಒಣಗತ್ತೆ, ಗೊತ್ತಿಲ್ಲದೆ ಉಜ್ಜಿಕೊಂಡ್ರೆ ನೋವಾಗಲ್ಲ ಅಂತ ಇನ್ನಷ್ಟು ಉಜ್ತೀವಿ. ಆಗ್ಲೇ ಹೇಳಿದ್ನಲ್ಲ, ಕಾವಲುಗಾರನೇ ಅಡುಗೆಯವನು ಅಂತ, ನರ ಸುಮ್ಮನಾದ್ರೆ ಜೀವಕೋಶಗಳಿಗೆ ಬರೋ ಪೋಷಣೆಯೂ ನಿಲ್ಲತ್ತೆ. ಬಾಟಲಿಯಲ್ಲಿ ಕೆಡದಿರಲಿ ಅಂತ ಬೆರೆಸೋ ಬೆಂಜಾಲ್ಕೋನಿಯಂ ಕ್ಲೋರೈಡ್ ಥರದ ಪ್ರಿಸರ್ವೇಟಿವ್ ಕೂಡ ಪದೇ ಪದೇ ಬಿದ್ರೆ ಎಪಿಥೀಲಿಯಂಗೆ ವಿಷಾನೇ.

ಒಂದು ಸಣ್ಣ ಲೆಕ್ಕ ಹಾಕಿ. ಹನಿ ಇರೋದು ಸುಮಾರು 15 ನಿಮಿಷ. ರಾತ್ರಿ ಎಂಟು ಗಂಟೆ ಹೊತ್ತು ನೋವಿಲ್ಲದೆ ಇರ್ಬೇಕು ಅಂದ್ರೆ ಗಂಟೆಗೆ ನಾಲ್ಕರಂತೆ 32 ಹನಿ. ಹಾಕ್ತಾ ಹಾಕ್ತಾ ಪರಿಣಾಮ ಇರೋ ಹೊತ್ತೂ ಕಮ್ಮಿ ಆಗ್ತಾ ಬರತ್ತೆ, ಹನಿ ಜಾಸ್ತಿ ಬೇಕಾಗತ್ತೆ. ಅಷ್ಟರಲ್ಲಿ ಮಾಯ್ಬೇಕಿದ್ದ ಗೀರು ದೊಡ್ಡ ಗಾಯ ಆಗಿರತ್ತೆ, ನೋವು ಮೊದಲಿಗಿಂತ ಜಾಸ್ತಿ, ಅದಕ್ಕೆ ಮತ್ತೆ ಹನಿ. ಹೊಟ್ಟೆಪಾಡಿಗೆ ಸಾಲ ಮಾಡಿ, ಆ ಸಾಲದ ಬಡ್ಡಿ ಕಟ್ಟೋಕೆ ಇನ್ನೊಂದು ಸಾಲ ಮಾಡಿದ ಹಾಗೆ. ಬರ್ತಾ ಬರ್ತಾ ಕಾರ್ನಿಯಾ ಊದಿ ಮಸುಕಾಗತ್ತೆ, ಗಾಯದ ಸುತ್ತ ಬಿಳಿ ಉಂಗುರ ಕಾಣಿಸ್ಕೊಳತ್ತೆ, ಕಣ್ಣೊಳಗೆ ಕೀವು ನಿಲ್ಲಬಹುದು, ಬ್ಯಾಕ್ಟೀರಿಯಾನೋ ಫಂಗಸ್ಸೋ ಸೇರ್ಕೊಳ್ಳಬಹುದು, ಕೊನೆಗೆ ಕಾರ್ನಿಯಾ ಕರಗಿ ತೂತು ಬೀಳಬಹುದು. ಕಾರ್ನಿಯಾ ಕಸಿ ಮಾಡಿಸ್ಕೊಂಡವರಿದ್ದಾರೆ, ಕಣ್ಣನ್ನೇ ಕಳ್ಕೊಂಡವರೂ ಇದ್ದಾರೆ. ಶುರುವಾಗಿದ್ದು ಎರಡು ದಿನದಲ್ಲಿ ತಾನಾಗೇ ಮಾಯ್ತಿದ್ದ ಒಂದು ಗೀರಿಂದ ಅನ್ನೋದೇ ಹೊಟ್ಟೆ ಉರಿಸೋ ವಿಷಯ.

ಯಾರು ಸಿಕ್ಕಿಹಾಕ್ಕೋತಾರೆ ಅಂದ್ರೆ, ವೆಲ್ಡಿಂಗ್ ಮಾಡೋರು ಮೊದಲು. ಕನ್ನಡಕ ಇಲ್ಲದೆ ವೆಲ್ಡಿಂಗ್ ಬೆಳಕು ನೋಡಿದ್ರೆ ಅಲ್ಟ್ರಾವಯಲೆಟ್ ಕಿರಣದಿಂದ ಎಪಿಥೀಲಿಯಂ ಸುಟ್ಟ ಹಾಗಾಗತ್ತೆ, ಆದ್ರೆ ಆಗ್ಲೇ ಏನೂ ಗೊತ್ತಾಗಲ್ಲ, ಆರರಿಂದ ಹನ್ನೆರಡು ಗಂಟೆ ಆದ್ಮೇಲೆ, ಅಂದ್ರೆ ನಡುರಾತ್ರಿ ಎರಡೂ ಕಣ್ಣಿಗೆ ಮರಳು ಸುರಿದ ಹಾಗೆ ನೋವು ಎಬ್ಬಿಸತ್ತೆ. ಒಂದೆರಡು ದಿನದಲ್ಲಿ ಹೋಗೋ ನೋವದು, ಆದ್ರೆ ಜೊತೆ ಕೆಲಸ ಮಾಡೋನು "ಇದು ಹಾಕ್ಕೋ ಗುರು" ಅಂತ ಒಂದು ಬಾಟಲಿ ಕೈಗಿಟ್ರೆ ಮುಗೀತು. ಇನ್ನೊಂದು ಗುಂಪು, ಹೇಳಿದ್ರೆ ಆಶ್ಚರ್ಯ ಆಗಬಹುದು, ಆಸ್ಪತ್ರೆಯಲ್ಲೇ ಕೆಲಸ ಮಾಡೋರು. ಬಾಟಲಿ ಕೈಗೆಟುಕೋ ಹಾಗೆ ಇರತ್ತಲ್ಲ. ಪದೇ ಪದೇ ಎಪಿಥೀಲಿಯಂ ಕಿತ್ತು ಬರೋ ಕಾಯಿಲೆ ಇರೋರು, ಲೇಸರ್ ಮಾಡಿಸ್ಕೊಂಡು ಮೊದಲ ಕೆಲವು ದಿನದ ನೋವು ತಡೆಯೋಕಾಗದವರು, ಇವರೂ ಸೇರ್ತಾರೆ. ಇವರನ್ನ ಬೈದು ಪ್ರಯೋಜನ ಇಲ್ಲ ಅಂತ ನನ್ನ ಅಭಿಪ್ರಾಯ, ಆ ನೋವು ಅನುಭವಿಸಿದವರಿಗೇ ಗೊತ್ತು.

ಇಲ್ಲಿ ಇನ್ನೊಂದು ಮಾತು ಮುಚ್ಚಿಡೋದು ತಪ್ಪಾಗತ್ತೆ. ಡಾಕ್ಟ್ರುಗಳಲ್ಲೇ ಈಗ ಒಂದು ವಾದ ನಡೀತಿದೆ. ಕಣ್ಣಿನ ಡಾಕ್ಟ್ರುಗಳು ಒಂದು ಹನಿನೂ ಮನೆಗೆ ಬೇಡ ಅನ್ನೋ ಕಡೆ, ಯಾಕಂದ್ರೆ ಕೆಟ್ಟುಹೋದ ಕಣ್ಣುಗಳು ಕೊನೆಗೆ ಬರೋದು ಅವರ ಹತ್ರಾನೇ. ತುರ್ತು ವಿಭಾಗದ ಡಾಕ್ಟ್ರುಗಳು ನೋಡೋದು ನೋವಲ್ಲಿ ಒದ್ದಾಡ್ತಿರೋ ರೋಗಿನ, ಅವರಲ್ಲಿ ಕೆಲವರು ಒಂದೇ ದಿನಕ್ಕೆ ಅಂತ ಅಳೆದು ಕೊಟ್ರೆ ತೊಂದರೆ ಇಲ್ಲ ಅಂತಾರೆ. ಸಣ್ಣ ಪ್ರಮಾಣದ ಕೆಲವು ಅಧ್ಯಯನಗಳಲ್ಲಿ ಟೆಟ್ರಾಕೇನನ್ನ 24 ಗಂಟೆ ಮಾತ್ರ ಕೊಟ್ಟಾಗ ದೊಡ್ಡ ಹಾನಿ ಕಾಣಿಸ್ಲಿಲ್ಲ. 2024ರಲ್ಲಿ ಅಮೆರಿಕದ ತುರ್ತು ವೈದ್ಯರ ಸಂಘ, ಸರಳ ಗೀರು ಮಾತ್ರ ಇದ್ರೆ ಮೊದಲ 24 ಗಂಟೆ, ಒಟ್ಟು ಒಂದೂವರೆಯಿಂದ ಎರಡು ಮಿಲಿಲೀಟರ್ ಮೀರದ ಹಾಗೆ ಕೊಡಬಹುದು, ಉಳಿದದ್ದನ್ನ ಎಸೀಬೇಕು ಅಂತ ಹೇಳ್ತು. "ಸರಳ" ಅನ್ನೋ ಪದ ಗಮನಿಸಿ. ಕಾಂಟ್ಯಾಕ್ಟ್ ಲೆನ್ಸ್ ಹಾಕೋರು, ಸೋಂಕು ಇರೋರು, ಒಳಗೇನಾದ್ರೂ ಚುಚ್ಚಿಕೊಂಡಿರೋರು, ಮುಂಚೆ ಕಣ್ಣಿನ ಆಪರೇಶನ್ ಆದವರು ಇದಕ್ಕೆ ಬರಲ್ಲ. ನನಗನ್ಸೋದು, ಎರಡು ಕಡೆಯವರೂ ಹೆದರ್ತಿರೋದು ಒಂದಕ್ಕೇ, ಐದು ಮಿಲಿಲೀಟರ್ ಬಾಟಲಿಗೆ. ಅದರಲ್ಲಿ ಹತ್ತಿರ ಹತ್ತಿರ ನೂರು ಹನಿ ಇರತ್ತೆ, ನಾಳೆ ಸಂಜೆಗೆ ಎಸೀಬೇಕು ಅಂತ ಹೇಳಿ ಕೊಟ್ಟ ಬಾಟಲಿನ ನೋವಲ್ಲಿರೋ ಎಷ್ಟು ಜನ ಎಸೀತಾರೆ?

ಹಾಗಾದ್ರೆ ಮನೇಲಿ ನೋವಿಗೆ ಏನು? ಡಾಕ್ಟ್ರು ಬರೆಯೋ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಥರದ ಮಾತ್ರೆ, ಪ್ರಿಸರ್ವೇಟಿವ್ ಇಲ್ಲದ ಕೃತಕ ಕಣ್ಣೀರು, ಸೋಂಕು ತಡೆಯೋಕೆ ಆಂಟಿಬಯಾಟಿಕ್, ಕೆಲವರಿಗೆ ಕಣ್ಣೊಳಗಿನ ಸ್ನಾಯು ಸಡಿಲಿಸೋ ಹನಿ, ಗಾಯ ದೊಡ್ಡದಿದ್ರೆ ಬ್ಯಾಂಡೇಜಿನ ಥರ ಕೂರೋ ಒಂದು ಮೆತ್ತನೆ ಲೆನ್ಸು. ಕತ್ತಲೆ ಕೋಣೇಲಿ ಕಣ್ಣು ಮುಚ್ಕೊಂಡು ಮಲಗೋದೂ ಔಷಧಿಯೇ. ಇದ್ಯಾವುದೂ ಆ ಹನಿಯಷ್ಟು ಪವಾಡ ಮಾಡಲ್ಲ, ಆದ್ರೆ ಎಲ್ಲವೂ ಗಾಯ ಮಾಯೋಕೆ ಬಿಡ್ತವೆ. ಎರಡನೇ ದಿನಕ್ಕೆ ನೋವು ಕಮ್ಮಿ ಆಗದೆ ಜಾಸ್ತಿ ಆಯ್ತು, ದೃಷ್ಟಿ ಮಂಜಾಯ್ತು, ಕರಿಗುಡ್ಡೆ ಮೇಲೆ ಬಿಳಿ ಚುಕ್ಕೆ ಕಾಣಿಸ್ತು ಅಂದ್ರೆ ಕಾಯ್ಬೇಡಿ, ತಕ್ಷಣ ಹೋಗಿ.

ಆಸ್ಪತ್ರೇಲಿ ಹನಿ ಹಾಕಿಸ್ಕೊಂಡ ದಿನ ಅರ್ಧ ಗಂಟೆ ಕಣ್ಣು ಉಜ್ಜಬೇಡಿ, ಕಾಂಟ್ಯಾಕ್ಟ್ ಲೆನ್ಸ್ ಹಾಕ್ಕೋಬೇಡಿ, ಧೂಳಿರೋ ಕಡೆ ಹೋಗೋದಿದ್ರೆ ಕನ್ನಡಕ ಇರ್ಲಿ, ಏನಾದ್ರೂ ಬಿದ್ರೆ ನಿಮಗೆ ಗೊತ್ತೇ ಆಗಲ್ಲ. ಗಂಟಲಲ್ಲಿ ಕಹಿ ಅನ್ನಿಸಿದ್ರೆ ಗಾಬರಿ ಬೇಡ, ಕಣ್ಣೀರಿನ ನಾಳ ಮೂಗಿಗೆ ಸೇರತ್ತೆ, ಅಲ್ಲಿಂದ ಇಳಿದದ್ದು ಅಷ್ಟೇ. ಅಲರ್ಜಿ ಅಪರೂಪ, ಆದ್ರೆ ಮುಂಚೆ ಯಾವುದಾದ್ರೂ ಮರಗಟ್ಟಿಸೋ ಔಷಧಿಗೆ ರೆಪ್ಪೆ ಊದಿದ್ದು, ಕೆಂಪಾಗಿದ್ದು ಇದ್ರೆ ಮೊದಲೇ ಹೇಳಿ.

ಕೊನೇದಾಗಿ ಒಂದು, ಯಾರಾದ್ರೂ ಈಗಾಗ್ಲೇ ಇದನ್ನ ಮನೇಲಿ ಹಾಕ್ಕೋತಿದ್ರೆ ಅವರಿಗೆ. ಆ ಬಿಳಿ ಉಂಗುರ ಇದೆಯಲ್ಲ, ಅಕಾಂತಮೀಬಾ ಅನ್ನೋ ಸೂಕ್ಷ್ಮಜೀವಿಯಿಂದ ಬರೋ ಕೆಟ್ಟ ಸೋಂಕಲ್ಲೂ ಥೇಟ್ ಅದೇ ಥರ ಕಾಣತ್ತೆ, ಕಣ್ಣು ನೋಡೋಕೆ ಇರೋದಕ್ಕಿಂತ ನೋವು ವಿಪರೀತ ಇರೋದೂ ಎರಡರಲ್ಲೂ ಒಂದೇ. ಬಾಟಲಿ ವಿಷಯ ಮುಚ್ಚಿಟ್ರೆ ಡಾಕ್ಟ್ರು ಇಲ್ಲದ ಸೋಂಕಿಗೆ ವಾರಗಟ್ಟಲೆ ಔಷಧಿ ಹಾಕ್ತಾರೆ, ನೀವು ಆ ಕಡೆ ಬಾತ್‌ರೂಮಲ್ಲಿ ಗುಟ್ಟಾಗಿ ಹನಿ ಬಿಟ್ಕೋತಿರ್ತೀರಿ, ಕಣ್ಣು ಕೆಡ್ತಾನೇ ಇರತ್ತೆ. ಹಂಗೆ ಹಾಕ್ಕೋತಿದ್ರೆ ಸಂಕೋಚ ಬಿಟ್ಟು ಆ ಬಾಟಲಿನ ಜೇಬಲ್ಲಿಟ್ಕೊಂಡೇ ಹೋಗಿ, ಕೂತ ತಕ್ಷಣ ಟೇಬಲ್ ಮೇಲಿಡಿ.